ಮೈಯ ನೋವು, ಮನಸ್ಸಿನ ಭಾರ: ದಾವಣಗೆರೆ–ಚಿತ್ರದುರ್ಗ ಸೀಮೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಓಪಿಡಿ ಸಾಲಿನಲ್ಲಿ, ಹಳ್ಳಿಯ ಆರೋಗ್ಯ ಶಿಬಿರಗಳಲ್ಲಿ, ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳಿವು. ಕೇಳಿದವರ ಮಾತನ್ನು ಹೆಚ್ಚು ತಿದ್ದಿಲ್ಲ. ಮೊದಲು ಸರಳವಾದವು, ಆಮೇಲೆ ಶುಗರ್–ಬಿ.ಪಿ. ಇದ್ದವರವು, ಚಿಕಿತ್ಸೆಯವು, ಕೊನೆಗೆ ಸ್ವಲ್ಪ ಆಳದವು. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು. "ಇದು ದೇಹದ್ದೋ ಮನಸ್ಸಿನದೋ" ಎಂದು ಬಹಳ ಜನ ಕೇಳುತ್ತಾರೆ. ಹೆಚ್ಚಿನ ಸಲ ಆ ಪ್ರಶ್ನೆಯೇ ದಾರಿ ತಪ್ಪಿಸುತ್ತದೆ. ಯಾವುದನ್ನು ಈಗಲೇ ಪರೀಕ್ಷಿಸಬೇಕು, ತೊಂದರೆಯನ್ನು ಯಾವುದು ಮುಂದುವರಿಸುತ್ತಿದೆ ಎಂದು ಕೇಳಿದರೆ ಬೇಗ ದಾರಿ ಸಿಗುತ್ತದೆ.

## ಮೊದಲು ಕೇಳುವವು

"ರಿಪೋರ್ಟ್ ಎಲ್ಲಾ ನಾರ್ಮಲ್ ಅಂತಾರೆ, ನೋವು ಮಾತ್ರ ಹೋಗಿಲ್ಲ. ಹಂಗಾದ್ರೆ ಇದು ನನ್ನ ಭ್ರಮೆನಾ?"

ಅಲ್ಲ. ಎಕ್ಸ್‌ರೇ, ಸ್ಕ್ಯಾನಿಂಗ್, ಎಂಡೋಸ್ಕೋಪಿ ಹುಡುಕುವುದು ಮುರಿತ, ಊತ, ಗಂಟು, ಹುಣ್ಣು ಇಂಥವನ್ನು. ಅಂಗದಿಂದ ಬರುವ ಸುದ್ದಿಯನ್ನು ನರಮಂಡಲ ಎಷ್ಟು ಜೋರಾಗಿ ಕೇಳಿಸಿಕೊಳ್ಳುತ್ತಿದೆ ಅನ್ನುವುದು ಫಿಲ್ಮಿನಲ್ಲಿ ಮೂಡುವುದಿಲ್ಲ. ನೋವಿನ ಸಂಕೇತ ಬೆನ್ನುಹುರಿಯಲ್ಲೇ ಹಿಗ್ಗುವುದೂ ಕುಗ್ಗುವುದೂ ಉಂಟು, ಮಿದುಳು ಮೇಲಿನಿಂದ ಅದನ್ನು ರೇಡಿಯೋದ ವಾಲ್ಯೂಮಿನಂತೆ ತಿರುಗಿಸುತ್ತದೆ ಎಂದು ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಹೇಳಿದರು. ವಿವರಗಳು ಆಮೇಲೆ ತಿದ್ದುಪಡಿಯಾದವು, ಮೂಲ ಮಾತು ನಿಂತಿದೆ. ನಿದ್ದೆಗೆಟ್ಟರೆ, ಭಯವಾದರೆ, ಮನಸ್ಸು ಕುಗ್ಗಿದರೆ ನೋವು ಹಿಗ್ಗುತ್ತದೆ. ತಿಂಗಳುಗಟ್ಟಲೆ ನೋವುಂಡ ನರಮಂಡಲ ಸಣ್ಣ ಒತ್ತಡವನ್ನೂ ನೋವೆಂದೇ ಓದತೊಡಗುತ್ತದೆ.

ವೈದ್ಯರು "ನಾರ್ಮಲ್" ಅಂದಾಗ ಎರಡು ಮಾತು ಕೇಳಿ: "ಯಾವ ಯಾವ ರೋಗ ಇಲ್ಲ ಅಂತ ಖಾತ್ರಿ ಆಯ್ತು?" "ಇನ್ನೂ ನೋಡಬೇಕಾದ್ದು ಏನಾದ್ರೂ ಉಳಿದಿದೆಯಾ?" ಇಷ್ಟು ಕೇಳದೆ ಆರು ತಿಂಗಳಿಗೊಂದು ಎಂಆರ್‌ಐ ಮಾಡಿಸುವುದರಿಂದ ಲಾಭಕ್ಕಿಂತ ನಷ್ಟವೇ ಹೆಚ್ಚು. ಸೊಂಟ ನೋವೇ ಇಲ್ಲದ ಎಷ್ಟೋ ಜನರ ಎಂಆರ್‌ಐನಲ್ಲೂ "ಡಿಸ್ಕ್ ಉಬ್ಬಿದೆ" ಎಂದು ಬರುತ್ತದೆ. ಅದನ್ನು ಓದಿ ಹೆದರಿ ಹಾಸಿಗೆ ಹಿಡಿದರೆ ಸ್ನಾಯು ಸೋತು ನೋವು ನಿಜಕ್ಕೂ ಏರುತ್ತದೆ.

"ಟೆನ್ಷನ್ ಆದ್ರೆ ಮೈಯೊಳಗೆ ಏನಾಗ್ತದೆ?"

ಮೊದಲ ಕೆಲವು ಸೆಕೆಂಡುಗಳಲ್ಲಿ ಅಡ್ರಿನಲಿನ್ ಸುರಿಯುತ್ತದೆ. ಹೃದಯ ಬಡಿತ ಏರುತ್ತದೆ, ಕೈ ತಣ್ಣಗಾಗುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆಯ ಕೆಲಸ ನಿಧಾನವಾಗುತ್ತದೆ, ಕರುಳಿನ ಕೊನೆಯ ಭಾಗ ಮಾತ್ರ ಚುರುಕಾಗುತ್ತದೆ. ಪರೀಕ್ಷೆಯ ದಿನ ಹುಡುಗರು ಮೂರು ಸಲ ಬಯಲಿಗೆ ಓಡುವುದು ಅದಕ್ಕೇ. ಮುಂದಿನ ನಿಮಿಷಗಳಲ್ಲಿ ಮಿದುಳಿನ ಹೈಪೋಥಲಾಮಸ್, ಪಿಟ್ಯುಟರಿ ಗ್ರಂಥಿಗೆ ಹೇಳಿ, ಅದು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗೆ ಹೇಳಿ, ಕಾರ್ಟಿಸಾಲ್ ಬರುತ್ತದೆ. ಅದು ಯಕೃತ್ತಿನಿಂದ ಸಕ್ಕರೆ ಹೊರಡಿಸುತ್ತದೆ. ಒಂದು ಗಂಟೆ ಇದ್ದು ಇಳಿದರೆ ಹಾನಿಯಿಲ್ಲ. ಬೋರ್ ಬತ್ತಿ, ಸೊಸೈಟಿ ಸಾಲದ ನೋಟಿಸ್ ಬಂದು, ಮೆಕ್ಕೆಜೋಳದ ರೇಟು ಬಿದ್ದು, ತಿಂಗಳುಗಟ್ಟಲೆ ಅದು ಇಳಿಯದೆ ಹೋದಾಗ ನಿದ್ದೆ, ಬಿ.ಪಿ., ಸೊಂಟದ ಸುತ್ತಳತೆ ಎಲ್ಲಾ ಕೆಡತೊಡಗುತ್ತವೆ. ಜೊತೆಗೆ ಬೀಡಿ, ಕುಡಿತ ಹೆಚ್ಚುತ್ತದೆ, ನಡಿಗೆ ನಿಲ್ಲುತ್ತದೆ. ಚಿಂತೆ ದೇಹವನ್ನು ಕೆಡಿಸುವ ದೊಡ್ಡ ದಾರಿ ಈ ಅಭ್ಯಾಸಗಳೇ.

"ಎದೆ ಹಿಡಕೊಂಡಂಗೆ ಆಗಿ ಬೆವರು ಬರ್ತದೆ. ಹಾರ್ಟ್ ಅಟ್ಯಾಕೋ, ಗಾಬರಿಯೋ, ಗ್ಯಾಸೋ ಮನೇಲೇ ಹೆಂಗೆ ಗೊತ್ತು ಮಾಡೋದು?"

ಮನೆಯಲ್ಲಿ ಗೊತ್ತು ಮಾಡಲಾಗದು, ಮಾಡಲು ಹೋಗಲೂಬಾರದು. ಮೊದಲ ಸಲ ಹೀಗಾದಾಗ 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಮೊದಲ ಇಸಿಜಿ ಸರಿ ಬಂದರೂ ಹೃದಯಾಘಾತ ಇರಬಹುದು. ಅದಕ್ಕೇ ಕೆಲ ಗಂಟೆ ಇರಿಸಿಕೊಂಡು ಮತ್ತೊಂದು ಇಸಿಜಿ ಮತ್ತು ಟ್ರೋಪೋನಿನ್ ರಕ್ತಪರೀಕ್ಷೆ ಮಾಡುತ್ತಾರೆ. "ಒಂದು ಸಲ ಮಾಡಿದ್ರಲ್ಲ" ಎಂದು ಎದ್ದು ಬರಬೇಡಿ.

ನಮ್ಮ ಕಡೆ ಆಗುವ ತಪ್ಪು ಒಂದೇ ಥರದ್ದು: ರಾತ್ರಿ ಮಿರ್ಚಿ–ಮಂಡಕ್ಕಿ ತಿಂದದ್ದಕ್ಕೆ ಗ್ಯಾಸ್ ಅಂದುಕೊಂಡು, ಸೋಡಾ ಕುಡಿದು, ಬೆಳಗಾಗಲಿ ಎಂದು ಮಲಗುವುದು. ಶುಗರ್ ಇದ್ದವರಿಗೆ, ಹೆಂಗಸರಿಗೆ, ವಯಸ್ಸಾದವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಏದುಸಿರು, ವಾಂತಿ, ದವಡೆ ನೋವಾಗಿಯೂ ಹೃದಯಾಘಾತ ಬರಬಹುದು.

ಗಾಬರಿಯ ಅಲೆ, ಅಂದರೆ ಪ್ಯಾನಿಕ್, ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಬೆರಳ ತುದಿ, ತುಟಿ ಸುತ್ತ ಜುಮ್ಮೆನ್ನುತ್ತದೆ, ಈಗಲೇ ಸತ್ತೇ ಹೋದೆ ಅನಿಸುತ್ತದೆ. ಹೃದಯ ಸರಿಯಿದೆ ಎಂದು ಒಮ್ಮೆ ಸರಿಯಾಗಿ ತಪಾಸಣೆಯಾದ ಮೇಲೆ, ಅದೇ ಥರದ ಅಲೆ ಮತ್ತೆ ಬಂದರೆ ಪ್ಯಾನಿಕ್ ಎಂದು ಚಿಕಿತ್ಸೆ ಮಾಡಬಹುದು. ನೋವಿನ ಸ್ವರೂಪ ಬದಲಾದರೆ, ನಡೆದಾಗ ಬಂದು ನಿಂತಾಗ ಹೋದರೆ, ಮತ್ತೆ ತೋರಿಸಬೇಕು. ಮೂಗಿಗೆ ಕಾಗದದ ಚೀಲ ಹಿಡಿಯುವ ಹಳೇ ಉಪಾಯ ಬೇಡ. ಅದು ಆಸ್ತಮಾ ಅಥವಾ ಹೃದಯದ್ದೇ ಆಗಿದ್ದರೆ ಇರುವ ಆಮ್ಲಜನಕವೂ ಕಮ್ಮಿಯಾಗುತ್ತದೆ.

"ಉಸಿರಾಟ ಮಾಡಿ ಅಂತಾರೆ. ಮಾಡಿದ್ರೆ ಇನ್ನೂ ತಲೆ ತಿರುಗ್ತದೆ. ಯಾಕೆ?"

ಜೋರಾಗಿ, ಆಳವಾಗಿ ಎಳೆಯುತ್ತಿದ್ದೀರಿ. ಬೇಕಿರುವುದು ನಿಧಾನ. ಉಸಿರು ಹೆಚ್ಚಾದಷ್ಟೂ ರಕ್ತದಿಂದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ತಲೆ ಸುತ್ತು, ಜೋಮು ಬರುತ್ತದೆ. ಕುರ್ಚಿಯಲ್ಲಿ ಬೆನ್ನು ಆನಿಸಿ ಕುಳಿತು ಒಂದು ಕೈ ಎದೆ ಮೇಲೆ, ಇನ್ನೊಂದು ಹೊಕ್ಕುಳ ಮೇಲೆ ಇಡಿ. ಹೊಟ್ಟೆಯ ಮೇಲಿನ ಕೈ ಮಾತ್ರ ಏಳಬೇಕು. ಮೂಗಿನಿಂದ 4 ಎಣಿಸುತ್ತಾ ಒಳಗೆ, 6 ಎಣಿಸುತ್ತಾ ಹೊರಗೆ. ನಡುವೆ ಹಿಡಿಯುವುದು ಬೇಡ. ನಿಮಿಷಕ್ಕೆ ಆರು ಉಸಿರಾಗುತ್ತದೆ. ಬೆಳಿಗ್ಗೆ, ಸಂಜೆ ಐದೈದು ನಿಮಿಷ. ಗಾಬರಿ ಬಂದಾಗಷ್ಟೇ ಮಾಡುವವರಿಗೆ ಇದು ಕೈಗೂಡುವುದಿಲ್ಲ; ಸಮಾಧಾನವಾಗಿದ್ದಾಗ ಎರಡು ವಾರ ರೂಢಿಯಾಗಿರಬೇಕು.

"ಗ್ಯಾಸ್ಟ್ರಿಕ್ ಟೆನ್ಷನ್‌ನಿಂದಲೇ ಬರೋದಾ?"

ಹುಣ್ಣು ಮತ್ತು ಹೊಟ್ಟೆ ಉರಿ ಎರಡನ್ನೂ ಒಂದೇ ಹೆಸರಿನಲ್ಲಿ ಕರೆಯುವುದರಿಂದ ಗೊಂದಲ. ಜಠರದ ಹುಣ್ಣು ಚಿಂತೆಯಿಂದ ಬರುತ್ತದೆಂದು ದಶಕಗಳ ಕಾಲ ಪುಸ್ತಕಗಳಲ್ಲೇ ಇತ್ತು. ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯಾ ಮುಖ್ಯ ಕಾರಣ ಎಂದು ತೋರಿಸಿದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಮಾರ್ಷಲ್ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡಿದ್ದರು. ಎರಡನೇ ಕಾರಣ ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ.

ಎಂಡೋಸ್ಕೋಪಿಯಲ್ಲಿ ಹುಣ್ಣೇ ಇಲ್ಲದೆ ಉರಿ, ಉಬ್ಬರ, ಸ್ವಲ್ಪ ತಿಂದರೂ ಹೊಟ್ಟೆ ತುಂಬಿದಂತಾಗುವುದು ಬೇರೆ. ಇಲ್ಲಿ ಮನಸ್ಸಿನ ಪಾಲು ದೊಡ್ಡದು. ಕರುಳಿಗೂ ಮಿದುಳಿಗೂ ವೇಗಸ್ ನರದ ಮೂಲಕ ಎರಡೂ ಕಡೆಯಿಂದ ಮಾತುಕತೆ ನಡೆಯುತ್ತಿರುತ್ತದೆ. ಪ್ಯಾಂಟೊಪ್ರಜೋಲ್ ಮಾತ್ರೆ ವರ್ಷಗಟ್ಟಲೆ ನುಂಗುತ್ತಾ ಚಿಂತೆಗೆ ಏನೂ ಮಾಡದಿದ್ದರೆ ಅರ್ಧ ಕೆಲಸವೇ. ಆ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು. ಊಟವಾದ ಮೇಲೆ ನುಂಗಿ "ಕೆಲಸ ಮಾಡಲಿಲ್ಲ" ಅನ್ನುವವರೇ ಹೆಚ್ಚು. ತೂಕ ಇಳಿಕೆ, ಕಪ್ಪು ಮಲ, ನುಂಗಲು ಕಷ್ಟ, ರಕ್ತವಾಂತಿ ಇವುಗಳಲ್ಲಿ ಒಂದಿದ್ದರೂ ಟೆನ್ಷನ್ ಮಾತು ಬದಿಗಿಟ್ಟು ಎಂಡೋಸ್ಕೋಪಿ.

"ಸುಸ್ತಾದಾಗ ಒಂದು ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡ್ರೆ ಹುಷಾರಾಗ್ತೀನಿ. ತಪ್ಪೇನು?"

500 ಮಿ.ಲೀ. ಬಾಟಲಿಯ 5% ಗ್ಲೂಕೋಸ್‌ನಲ್ಲಿ ಇರುವುದು 25 ಗ್ರಾಂ ಸಕ್ಕರೆ, ಸುಮಾರು ಐದು ಚಮಚ. ನೂರು ಕ್ಯಾಲರಿಯೂ ಆಗುವುದಿಲ್ಲ; ಒಂದು ಬೆಣ್ಣೆ ದೋಸೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿದೆ. ಆದರೂ ಹುಷಾರಾಗುವುದು ಸುಳ್ಳಲ್ಲ. ಒಂದೂವರೆ ಗಂಟೆ ಯಾರೂ ಕೆಲಸ ಹೇಳದೆ ಮಲಗಿರುತ್ತೀರಿ, ಯಾರೋ ಬಂದು ವಿಚಾರಿಸುತ್ತಾರೆ, ಇನ್ನು ಸರಿಹೋಗುತ್ತದೆ ಎಂಬ ನಂಬಿಕೆ ಕೂಡುತ್ತದೆ. ಆ ಮೂರಕ್ಕೂ ಸೂಜಿ ಬೇಕಿಲ್ಲ. ಶುಗರ್ ಇದ್ದವರಿಗೆ ಸಕ್ಕರೆ ಏರುತ್ತದೆ, ಹೃದಯ ಅಥವಾ ಕಿಡ್ನಿ ಸೋತವರಿಗೆ ಶ್ವಾಸಕೋಶದಲ್ಲಿ ನೀರು ತುಂಬಬಹುದು. ವಾಂತಿ–ಭೇದಿಯಾಗಿ ಬಾಯಿಂದ ಏನೂ ನಿಲ್ಲದಿದ್ದಾಗ ಡ್ರಿಪ್ ಬೇಕೇ ಬೇಕು, ಅದು ಬೇರೆ ಮಾತು.

ಎರಡು ವಾರ ಮೀರಿದ ಸುಸ್ತಿಗೆ ಆ ದುಡ್ಡಿನಲ್ಲಿ ಹಿಮೋಗ್ಲೋಬಿನ್, ಶುಗರ್, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮಾಡಿಸಿ. ಮಾಂಸ, ಮೊಟ್ಟೆ ತಿನ್ನದವರು ಬಿ12 ಕೂಡ. ಹೆಂಗಸರಿಗೆ ಹಿಮೋಗ್ಲೋಬಿನ್ 12ಕ್ಕಿಂತ, ಗಂಡಸರಿಗೆ 13ಕ್ಕಿಂತ ಕಮ್ಮಿಯಿದ್ದರೆ ರಕ್ತಹೀನತೆ. ಎಲ್ಲಾ ಸರಿಯಿದ್ದು, ಬೆಳಗಿನ ಜಾವ ಎಚ್ಚರವಾಗಿ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಖಿನ್ನತೆ ಇರಬಹುದು. ನಮ್ಮಲ್ಲಿ ಖಿನ್ನತೆ "ಬೇಜಾರು" ಎಂದು ಬರುವುದಕ್ಕಿಂತ "ಸುಸ್ತು" ಎಂದು ಬರುವುದೇ ಜಾಸ್ತಿ.

"ಬಿಳಿ ಹೋಗ್ತದೆ, ಅದಕ್ಕೇ ಸೊಂಟ ನೋವು, ಶಕ್ತಿ ಇಲ್ಲ. ಎಷ್ಟು ಮಾತ್ರೆ ನುಂಗಿದ್ರೂ ನಿಂತಿಲ್ಲ."

ವಾಸನೆ, ತುರಿಕೆ, ಮೊಸರಿನಂಥ ಅಥವಾ ಹಸಿರು–ಹಳದಿ ಬಣ್ಣ, ಕೆಳಹೊಟ್ಟೆ ನೋವು, ಜ್ವರ ಇದ್ದರೆ ಸೋಂಕು; ಒಳಪರೀಕ್ಷೆ ಮಾಡಿ ಔಷಧ ಕೊಡಬೇಕು. ಮುಟ್ಟಿನ ನಡುವಿನ ದಿನಗಳಲ್ಲಿ ವಾಸನೆಯಿಲ್ಲದ ತಿಳಿ ಸ್ರಾವ ಸಹಜ, ಅದರಿಂದ ಶಕ್ತಿ ಸೋರುವುದಿಲ್ಲ. ಗೋವಾದಲ್ಲಿ ನಡೆದ ಸಮುದಾಯ ಅಧ್ಯಯನಗಳಲ್ಲಿ ಈ ದೂರಿನ ಜೊತೆ ಬಲವಾಗಿ ಹೊಂದಿಕೊಂಡದ್ದು ಖಿನ್ನತೆ, ಆತಂಕ ಮತ್ತು ಗಂಡನ ಮನೆಯ ಹಿಂಸೆ. ಪರೀಕ್ಷೆಯಿಲ್ಲದೆ ಮೂರು ಮೂರು ಸಲ ಆಂಟಿಬಯೋಟಿಕ್ ಕೊಟ್ಟಿದ್ದರೆ ಅಲ್ಲಿಗೆ ನಿಲ್ಲಿಸಿ. ಅತ್ತೆಯನ್ನು ಹೊರಗೆ ಕೂರಿಸಿ ಒಬ್ಬರೇ ವೈದ್ಯರ ಜೊತೆ ಮಾತಾಡಲು ಅವಕಾಶ ಕೇಳಿ. ಗಂಡಸರ "ಧಾತು ಹೋಗ್ತದೆ" ಎಂಬ ದೂರಿಗೂ ಇದೇ ಉತ್ತರ: ವೀರ್ಯ ಹೋಗುವುದರಿಂದ ನಿಶ್ಶಕ್ತಿ ಬರುವುದಿಲ್ಲ, ಹಾಗೆಂಬ ಭಯದಿಂದ ಬರುತ್ತದೆ.

## ಶುಗರ್, ಬಿ.ಪಿ., ಹೃದಯ

"ಡಾಕ್ಟರ್ ನೋಡಿದ್ರೆ ಬಿ.ಪಿ. 160, ಮನೇಲಿ 130. ಯಾವುದು ನಿಜ?"

ಎರಡೂ ನಿಜ ಇರಬಹುದು. ಆಸ್ಪತ್ರೆಯ ಗಾಬರಿಗೆ ಏರುವ ಬಿ.ಪಿ. ಇದೆ. ಆದರೆ ಅದನ್ನು ಹೇಳುವ ಮೊದಲು ಅಳತೆ ಸರಿಯಾಗಿತ್ತೇ ನೋಡಿ. ಅರ್ಧ ಗಂಟೆ ಮೊದಲು ಚಹಾ, ಬೀಡಿ ಬೇಡ. ಮೂತ್ರಕ್ಕೆ ಹೋಗಿ ಬನ್ನಿ. ಬೆನ್ನು ಆನಿಸಿ, ಪಾದ ನೆಲಕ್ಕೂರಿ, ಕಾಲ ಮೇಲೆ ಕಾಲು ಹಾಕದೆ ಐದು ನಿಮಿಷ ಸುಮ್ಮನೆ ಕೂರಿ. ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ ಇರಲಿ. ಜೋತುಬಿಟ್ಟರೆ ಹೆಚ್ಚು ತೋರಿಸುತ್ತದೆ. ಪಟ್ಟಿ ಬರಿ ತೋಳಿಗೆ ಕಟ್ಟಬೇಕು, ರವಿಕೆ–ಅಂಗಿ ತೋಳಿನ ಮೇಲಲ್ಲ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೂ ಹೆಚ್ಚು ಬರುತ್ತದೆ. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ.

ಮನೆಯಲ್ಲಿ ಏಳು ದಿನ, ಬೆಳಿಗ್ಗೆ ಎರಡು, ಸಂಜೆ ಎರಡು ಸಲ ಅಳೆದು ಬರೆಯಿರಿ. ಮೊದಲ ದಿನದ್ದು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. 135/85ಕ್ಕಿಂತ ಕಮ್ಮಿಯಿದ್ದು ಆಸ್ಪತ್ರೆಯಲ್ಲಿ ಮಾತ್ರ 140/90 ದಾಟಿದರೆ ಅದು ಆಸ್ಪತ್ರೆ ಬಿ.ಪಿ. ಅಂಥವರಲ್ಲಿ ಹಲವರಿಗೆ ಮುಂದೆ ನಿಜವಾದ ಬಿ.ಪಿ. ಬರುತ್ತದೆ, ಆದ್ದರಿಂದ ವರ್ಷಕ್ಕೊಮ್ಮೆಯಾದರೂ ನೋಡಬೇಕು. ಉಲ್ಟಾ ಕೂಡ ಉಂಟು: ಆಸ್ಪತ್ರೆಯಲ್ಲಿ ಸರಿ, ಅಂಗಡಿಯಲ್ಲಿ, ಹೊಲದಲ್ಲಿ ಏರು. ಈಗಾಗಲೇ ಮಾತ್ರೆ ನುಂಗುವವರು "ಟೆನ್ಷನ್ ಬಿ.ಪಿ." ಎಂದು ತಾವೇ ನಿಲ್ಲಿಸಬಾರದು.

"ಚಿಂತೆಯಿಂದಲೇ ನನಗೆ ಶುಗರ್ ಬಂತು ಅಂತಾರೆ, ಹೌದಾ?"

ಚಿಂತೆಯೊಂದೇ ಸಾಲದು. ವಂಶ, ಸೊಂಟದ ಬೊಜ್ಜು, ನಡಿಗೆಯಿಲ್ಲದ ಬದುಕು ಸೇರಿ ಮೊದಲೇ ನೆಲ ಸಿದ್ಧವಾಗಿರುತ್ತದೆ. ಬಂದ ಮೇಲೆ ಮಾತ್ರ ಮನಸ್ಸಿನ ಪಾಲು ಪ್ರತಿದಿನವೂ ಕಾಣುತ್ತದೆ. ಜಗಳವಾದ ದಿನ, ನಿದ್ದೆಗೆಟ್ಟ ರಾತ್ರಿಯ ಮರುದಿನ, ಊಟ ಅದೇ ಆದರೂ ಸಕ್ಕರೆ ಏರಬಹುದು. ಶುಗರ್ ಇದ್ದವರಲ್ಲಿ ಖಿನ್ನತೆ, ಶುಗರ್ ಇಲ್ಲದವರಿಗಿಂತ ಸುಮಾರು ಎರಡು ಪಟ್ಟು. ಖಿನ್ನತೆಯಿದ್ದರೆ ಮಾತ್ರೆ ತಪ್ಪುತ್ತದೆ, ಪಾದ ನೋಡಿಕೊಳ್ಳುವುದು ತಪ್ಪುತ್ತದೆ, ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ಲೆಕ್ಕ) ಏರುತ್ತದೆ. ಏರಿದ್ದಕ್ಕೆ ಬೈಗುಳ, ಬೈಗುಳಕ್ಕೆ ಇನ್ನಷ್ಟು ಕುಗ್ಗು. ಡೋಸ್ ಏರಿಸುವ ಮೊದಲು "ವಾರದಲ್ಲಿ ಎಷ್ಟು ಮಾತ್ರೆ ತಪ್ಪಿತು?" ಎಂದು ಬೈಯದೆ ಕೇಳಿದರೆ ಎಷ್ಟೋ ಸಲ ಡೋಸ್ ಬದಲಿಸಬೇಕಾಗಿಯೇ ಬರುವುದಿಲ್ಲ.

"ಶುಗರ್ ಮಾತ್ರೆ ತಗೊಂಡ ಮೇಲೆ ಮಧ್ಯಾಹ್ನ ನಡುಕ, ಬೆವರು, ಎದೆ ಢವಢವ. ಇದೂ ಟೆನ್ಷನ್ನೇ?"

ಮೊದಲು ಸಕ್ಕರೆ ಅಳೆಯಿರಿ, ಆಮೇಲೆ ಮಾತು. 70ಕ್ಕಿಂತ ಕಮ್ಮಿಯಿದ್ದರೆ ಲೋ ಶುಗರ್. ಇನ್ಸುಲಿನ್, ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್ ತೆಗೆದುಕೊಂಡು ಊಟ ತಡವಾದವರಿಗೆ ಇದು ಮಾಮೂಲು. ಟೆನ್ಷನ್‌ನಂತೆಯೇ ಕಾಣುತ್ತದೆ, ಏಕೆಂದರೆ ಇಲ್ಲೂ ಸುರಿಯುವುದು ಅದೇ ಅಡ್ರಿನಲಿನ್. ಮೀಟರ್ ಇಲ್ಲದಿದ್ದರೆ ಲೋ ಎಂದೇ ತಿಳಿಯಿರಿ. ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿದು, 15 ನಿಮಿಷಕ್ಕೆ ಮತ್ತೆ ಅಳೆದು, ಏರದಿದ್ದರೆ ಇನ್ನೊಮ್ಮೆ, ಆಮೇಲೆ ಊಟ. ಚಾಕೊಲೇಟ್, ದೋಸೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ; ಕೊಬ್ಬು ಸಕ್ಕರೆಯನ್ನು ತಡೆಯುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, 108.

"ಸ್ಟೆಂಟ್ ಹಾಕಿಸಿದ ಮೇಲೆ ಅಪ್ಪಾಜಿ ಮಾತೇ ಆಡ್ತಿಲ್ಲ, ಹೊಲದ ಕಡೆ ಹೋಗ್ತಿಲ್ಲ. ವಯಸ್ಸಾಯ್ತು ಅಂತ ಬಿಡೋದಾ?"

ಬಿಡಬೇಡಿ. ಹೃದಯಾಘಾತವಾದ ಐವರಲ್ಲಿ ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಬರುತ್ತದೆ, ಅಂಥವರಿಗೆ ಮುಂದಿನ ಅಪಾಯವೂ ಹೆಚ್ಚು. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೃದಯಾಘಾತದ ಒಂಬತ್ತು ಮುಖ್ಯ ಕಾರಣಗಳಲ್ಲಿ ಮಾನಸಿಕ ಒತ್ತಡವನ್ನೂ ಸೇರಿಸಿತು, ಬೀಡಿ, ಬಿ.ಪಿ., ಶುಗರ್ ಇರುವ ಪಟ್ಟಿಯಲ್ಲೇ.

ಎರಡು ಪ್ರಶ್ನೆ ಕೇಳಿ ನೋಡಿ. ಕಳೆದ ಎರಡು ವಾರದಲ್ಲಿ, ಮಾಡುವ ಕೆಲಸದಲ್ಲಿ ಆಸಕ್ತಿ, ಖುಷಿ ಕಮ್ಮಿಯಾಗಿತ್ತಾ? ಮನಸ್ಸು ಕುಗ್ಗಿದಂತೆ, ದಾರಿಯೇ ಕಾಣದಂತೆ ಅನಿಸಿತ್ತಾ? ಇಲ್ಲವೇ ಇಲ್ಲ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಮ್ಮಿ ದಿನವೂ 3. ಒಟ್ಟು 3 ಅಥವಾ ಹೆಚ್ಚಾದರೆ ವೈದ್ಯರಿಗೆ ಹೇಳಬೇಕು. ಹೃದ್ರೋಗಿಗಳಿಗೆ ಸರ್ಟ್ರಲಿನ್‌ನಂಥ ಸುರಕ್ಷಿತ ಮಾತ್ರೆಗಳಿವೆ. "ಇದ್ದು ಏನು ಮಾಡ್ಲಿ" ಎಂಬ ಮಾತು ಬಂದರೆ ಸಾಯುವ ಯೋಚನೆ ಬರುತ್ತದಾ ಎಂದು ನೇರವಾಗಿ ಕೇಳಿ; ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಅಟ್ಟದ ಮೇಲಿನ ಕೀಟನಾಶಕದ ಡಬ್ಬಿಗಳನ್ನು ಅದೇ ದಿನ ಮನೆಯಿಂದ ಹೊರಗೆ, ಬೇರೆಯವರ ಕೈಯಲ್ಲಿ ಬೀಗದೊಳಗೆ ಇಡಿಸಿ. ಅವರನ್ನು ಒಂಟಿ ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ನಡಿಗೆಯ ವಿಷಯ: ವೈದ್ಯರು ಒಪ್ಪಿದ ಮೇಲೆ ಮನೆ ಮುಂದೆ ಐದು ನಿಮಿಷದಿಂದ ಶುರು, ಎರಡು ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಹೆಚ್ಚಿಸಿ. ಮಾತಾಡುತ್ತಾ ನಡೆಯುವಷ್ಟು ಉಸಿರಿರಬೇಕು. "ಸುಮ್ನೆ ಕೂತ್ಕೋ" ಎಂಬ ಮನೆಯವರ ಪ್ರೀತಿಯೇ ಅವರನ್ನು ರೋಗಿ ಮಾಡಿಡುವುದುಂಟು.

## ಚಿಕಿತ್ಸೆಯ ಪ್ರಶ್ನೆಗಳು

"ಸೊಂಟ ನೋವಿಗೆ ಹೋದ್ರೆ ಡಿಪ್ರೆಶನ್ ಮಾತ್ರೆ ಬರ್ಕೊಟ್ಟಿದ್ದಾರೆ. ನನ್ನ ಹುಚ್ಚಿ ಅಂದ್ಕೊಂಡ್ರಾ?"

ಅಲ್ಲ, ಆದರೆ ಬರೆದವರು ಹೇಳಿ ಕೊಡಬೇಕಿತ್ತು. ಆ ಮಾತ್ರೆ ಅಮಿಟ್ರಿಪ್ಟಿಲಿನ್ ಆಗಿದ್ದರೆ, ಖಿನ್ನತೆಗೆ ಕೊಡುವ ಡೋಸ್ ಸಾಮಾನ್ಯವಾಗಿ 75 ಮಿ.ಗ್ರಾಂ. ಮತ್ತು ಮೇಲೆ. ನರದ ನೋವು, ಮೈಗ್ರೇನ್, ಹಳೇ ಮೈಕೈ ನೋವಿಗೆ ರಾತ್ರಿ 10 ಮಿ.ಗ್ರಾಂ.ನಿಂದ ಶುರುಮಾಡುತ್ತಾರೆ. ಬೆನ್ನುಹುರಿಯಲ್ಲಿ ನೋವಿನ ಸಂಕೇತವನ್ನು ತಗ್ಗಿಸುವ ಸೆರೊಟೋನಿನ್, ನಾರ್‌ಅಡ್ರಿನಲಿನ್ ಅನ್ನು ಅದು ಹೆಚ್ಚಿಸುತ್ತದೆ. ಮಲಗುವ ಎರಡು ಗಂಟೆ ಮೊದಲು ನುಂಗಿದರೆ ಬೆಳಗಿನ ಮಂಪರು ಕಮ್ಮಿ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗುತ್ತದೆ. ಪ್ರಾಸ್ಟೇಟ್ ತೊಂದರೆ, ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ), ಹೃದಯದ ಬಡಿತದ ತೊಂದರೆ ಇದ್ದವರು ಮೊದಲೇ ಹೇಳಬೇಕು. ಗುಣ ಕಾಣಲು ಎರಡರಿಂದ ಆರು ವಾರ. ಮೂರು ದಿನ ನುಂಗಿ ಬಿಟ್ಟರೆ ಸಿಗುವುದು ಅಡ್ಡಪರಿಣಾಮ ಮಾತ್ರ.

"ನಿದ್ದೆ ಮಾತ್ರೆ ಬಿಟ್ರೆ ನಿದ್ದೆನೇ ಇಲ್ಲ. ಬಿಡೋದು ಹೆಂಗೆ?"

ಅದು ಅಲ್ಪ್ರಾಜೋಲಮ್, ಕ್ಲೊನಾಜೆಪಾಮ್ ಆಗಿದ್ದು ಕೆಲವು ವಾರ ದಿನವೂ ನುಂಗಿದ್ದರೆ ದೇಹ ಒಗ್ಗಿಹೋಗಿರುತ್ತದೆ. ದಿಢೀರನೆ ಬಿಟ್ಟರೆ ನಡುಕ, ಗಾಬರಿ, ಫಿಟ್ಸ್ ಕೂಡ ಬರಬಹುದು. ವೈದ್ಯರು ವಾರಗಳ ಮೇಲೆ ಹಂತ ಹಂತವಾಗಿ ಇಳಿಸುತ್ತಾರೆ. ಹಳೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಿಂದ ತರುವುದನ್ನು ಮೊದಲು ನಿಲ್ಲಿಸಿ. ಖಿನ್ನತೆಗೆ ಕೊಡುವ ಎಸಿಟಲೊಪ್ರಾಮ್, ಸರ್ಟ್ರಲಿನ್ ಈ ಜಾತಿಯವಲ್ಲ. ಅವು ಚಟ ಹಿಡಿಸುವುದಿಲ್ಲ, ಆದರೂ ನಿಲ್ಲಿಸುವಾಗ ನಿಧಾನವಾಗಿಯೇ ಇಳಿಸಬೇಕು.

ಜೊತೆಗೆ: ಎಷ್ಟೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕಡೆ ಕೂತು, ಕಣ್ಣು ಎಳೆದಾಗ ಮತ್ತೆ ಹಾಸಿಗೆಗೆ ಬನ್ನಿ. ಗಡಿಯಾರವನ್ನು ಗೋಡೆಗೆ ತಿರುಗಿಸಿ. ಮಧ್ಯಾಹ್ನ ಎರಡರ ಮೇಲೆ ಚಹಾ ಬೇಡ. ಮೊದಲ ವಾರ ನಿದ್ದೆ ಇನ್ನೂ ಕೆಡುತ್ತದೆ, ಬಹಳ ಜನ ಅಲ್ಲೇ ಕೈಬಿಡುತ್ತಾರೆ.

"ಗುಡಿಗೋ ದರ್ಗಾಕ್ಕೋ ಹೋಗಿ ಬಂದ್ರೆ ಹಗುರ ಆಗ್ತದೆ. ಡಾಕ್ಟರ್ ಬೈತಾರಾ?"

ಹೋಗಿ ಬನ್ನಿ. ಇನ್ಸುಲಿನ್, ಫಿಟ್ಸ್ ಮಾತ್ರೆ, ಮನೋರೋಗದ ಮಾತ್ರೆ ಜೊತೆಯಲ್ಲಿರಲಿ, ಉಪವಾಸವಿದ್ದರೆ ಡೋಸ್ ಕೇಳಿಕೊಂಡು ಹೋಗಿ. ರೋಗಿಯನ್ನು ಕಟ್ಟಿಹಾಕುವುದು, ಹೊಡೆಯುವುದು, ಹೊಗೆ ಹಾಕುವುದು ಇರುವ ಕಡೆಗೆ ಮಾತ್ರ ಬೇಡ.

"ದಾವಣಗೆರೆ, ಚಿತ್ರದುರ್ಗದಲ್ಲಿ ಯಾರ ಹತ್ರ ಹೋಗಬೇಕು? ಬೆಂಗಳೂರಿಗೇ ಹೋಗ್ಬೇಕಾ?"

ಹೆಚ್ಚಿನವರಿಗೆ ಬೇಕಿಲ್ಲ. ದಾವಣಗೆರೆಯ ಚಿಗಟೇರಿ ಜಿಲ್ಲಾಸ್ಪತ್ರೆ, ಚಿತ್ರದುರ್ಗದ ಜಿಲ್ಲಾಸ್ಪತ್ರೆ, ಎರಡೂ ಊರಿನ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಮನೋವೈದ್ಯರು ಸಿಗುತ್ತಾರೆ. ಜಗಳೂರು, ಮೊಳಕಾಲ್ಮೂರು, ಹೊಸದುರ್ಗ, ಚನ್ನಗಿರಿ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ತಂಡ ಬರುವ ದಿನ ಯಾವುದೆಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಔಷಧ ಅಲ್ಲಿ ಉಚಿತ. ಇಡೀ ದೇಶದ ಈ ಜಿಲ್ಲಾ ಕಾರ್ಯಕ್ರಮ 1996ರಲ್ಲಿ ಶುರುವಾದದ್ದು, ನಿಮ್ಹಾನ್ಸ್‌ನವರು ನಮ್ಮ ಪಕ್ಕದ ಬಳ್ಳಾರಿಯಲ್ಲಿ 1985ರಿಂದ ಐದು ವರ್ಷ ನಡೆಸಿದ ಪ್ರಯೋಗದ ಮಾದರಿಯಲ್ಲಿ.

ಹೋಗಲು ಹಿಂಜರಿಕೆಯಿದ್ದರೆ ಮೊದಲು ಸರ್ಕಾರದ ಫೋನ್ ಸಹಾಯವಾಣಿ ಟೆಲಿ–ಮಾನಸ್, 14416. ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ. ಇನ್ನು ವಿಮೆ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪ್ರಕಾರ ವಿಮಾ ಕಂಪನಿಗಳು ಮನೋರೋಗಕ್ಕೂ ದೇಹರೋಗದಂತೆಯೇ ರಕ್ಷಣೆ ಕೊಡಬೇಕು. ಏಜೆಂಟ್ "ಅದಕ್ಕೆ ಬರಲ್ಲ" ಅಂದರೆ ಬರವಣಿಗೆಯಲ್ಲಿ ಕೇಳಿ.

## ಆಳಕ್ಕೆ ಇಳಿದವು

"ಚಿಂತೆ ಮಾಡಿದ್ರೆ ರೋಗ ನಿರೋಧಕ ಶಕ್ತಿ ಕಮ್ಮಿ ಆಗ್ತದೆ ಅನ್ನೋದಕ್ಕೆ ಪುರಾವೆ ಇದೆಯಾ?"

ಇದೆ, ಮಿತಿಯೊಂದಿಗೆ. 1975ರಲ್ಲಿ ಏಡರ್ ಮತ್ತು ಕೋಹೆನ್ ಇಲಿಗಳಿಗೆ ಸ್ಯಾಕರಿನ್ ನೀರಿನ ಜೊತೆ ರೋಗನಿರೋಧಕ ಶಕ್ತಿ ಕುಗ್ಗಿಸುವ ಸೈಕ್ಲೊಫಾಸ್ಫಮೈಡ್ ಕೊಟ್ಟರು. ಆಮೇಲೆ ಬರೀ ಸಿಹಿ ನೀರು ಕೊಟ್ಟರೂ ಆ ಶಕ್ತಿ ಕುಗ್ಗಿತು. 1991ರಲ್ಲಿ ಇನ್ನೊಬ್ಬ ಕೋಹೆನ್, ಶೆಲ್ಡನ್ ಕೋಹೆನ್ ತಂಡ 394 ಆರೋಗ್ಯವಂತರ ಮೂಗಿಗೆ ನೆಗಡಿಯ ವೈರಸ್ ಹನಿ ಹಾಕಿತು. ಒತ್ತಡ ಹೆಚ್ಚಿದ್ದಷ್ಟೂ ಸೋಂಕು ತಗುಲಿದವರು ಹೆಚ್ಚಾದರು. 1995ರಲ್ಲಿ ಕೀಕೋಲ್ಟ್–ಗ್ಲೇಸರ್ ತಂಡ, ಮರೆವಿನ ಕಾಯಿಲೆಯವರ ಆರೈಕೆ ಮಾಡುವ 13 ಹೆಂಗಸರ ತೋಳಿನಲ್ಲಿ 3.5 ಮಿ.ಮೀ. ಗಾಯ ಮಾಡಿ ನೋಡಿದಾಗ ಅದು ಮಾಯಲು ಬೇರೆಯವರಿಗಿಂತ ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಸಣ್ಣ ಅಧ್ಯಯನ, ಆದರೆ ಹಾಸಿಗೆ ಹಿಡಿದ ಅತ್ತೆಯನ್ನು ವರ್ಷಗಟ್ಟಲೆ ನೋಡಿಕೊಳ್ಳುವ ಸೊಸೆಯ ಆರೋಗ್ಯವನ್ನೂ ಯಾರಾದರೂ ವಿಚಾರಿಸಬೇಕು ಎನ್ನಲು ಸಾಕು. ಇದರಿಂದ "ಖುಷಿಯಾಗಿದ್ದರೆ ಲಸಿಕೆ ಬೇಡ" ಎಂಬ ತೀರ್ಮಾನಕ್ಕೆ ಹಾರಬಾರದು.

"ಕೊರಗಿ ಕೊರಗಿ ಕ್ಯಾನ್ಸರ್ ತಂದ್ಕೊಂಡ ಅಂತಾರೆ ನೆಂಟರು."

ರೋಗಿಯ ಮೇಲೆ ಹೊರಿಸುವ ಅನ್ಯಾಯದ ಮಾತು ಇದು. ಕೊರಗು ನೇರವಾಗಿ ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ತಂಬಾಕು, ಗುಟ್ಕಾ ತರುತ್ತವೆ. ತಂಬಾಕಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಕ್ಯಾನ್ಸರ್‌ಕಾರಕ ಎಂದಿತು. ಚನ್ನಗಿರಿ, ಹೊಳಲ್ಕೆರೆ ಸೀಮೆಯಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಲೇಬೇಕು. ಮನೋಚಿಕಿತ್ಸೆ ಆಯುಷ್ಯ ಹೆಚ್ಚಿಸುತ್ತದೆ ಎಂದು 1989ರಲ್ಲಿ ಸ್ತನ ಕ್ಯಾನ್ಸರ್ ರೋಗಿಗಳ ಅಧ್ಯಯನವೊಂದು ಹೇಳಿತ್ತು. 2001ರಲ್ಲಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿದಾಗ ಆಯುಷ್ಯ ಹೆಚ್ಚಲಿಲ್ಲ. ದುಗುಡ ಮತ್ತು ನೋವು ತಗ್ಗಿದವು. ಅಷ್ಟಕ್ಕಾದರೂ ಅದು ಬೇಕು.

"ಸುಳ್ಳು ಮಾತ್ರೆಗೆ ನೋವು ಹೋಯ್ತು ಅಂದ್ರೆ ನೋವೇ ಸುಳ್ಳು ಅಲ್ವಾ?"

1978ರಲ್ಲಿ ಲೆವಿನ್ ತಂಡ ಹಲ್ಲು ಕೀಳಿಸಿಕೊಂಡವರಲ್ಲಿ ಇದನ್ನೇ ನೋಡಿತು. ಹುಸಿ ಔಷಧದಿಂದ ನೋವು ಇಳಿದವರಿಗೆ, ಅಫೀಮಿನ ಜಾತಿಯ ರಾಸಾಯನಿಕಗಳನ್ನು ತಡೆಯುವ ನಲೊಕ್ಸೋನ್ ಕೊಟ್ಟಾಗ ನೋವು ಮತ್ತೆ ಏರಿತು. ಅಂದರೆ ನಂಬಿಕೆಯಿಂದ ಮಿದುಳು ತನ್ನದೇ ನೋವಿನ ಔಷಧ ಬಿಟ್ಟಿತ್ತು. 2010ರಲ್ಲಿ ಕರುಳಿನ ತೊಂದರೆಯ 80 ಜನರಲ್ಲಿ ಕೆಲವರಿಗೆ "ಇದರಲ್ಲಿ ಔಷಧವಿಲ್ಲ" ಎಂದು ಹೇಳಿಯೇ ಮಾತ್ರೆ ಕೊಟ್ಟರು. ಮೂರು ವಾರದಲ್ಲಿ ಅವರೂ, ಮಾತ್ರೆ ಸಿಗದವರಿಗಿಂತ ಹೆಚ್ಚು ಸುಧಾರಿಸಿದರು.

ಇದರ ಅಂಚು ಎಲ್ಲಿದೆ ಎಂದು 2011ರ ಆಸ್ತಮಾ ಅಧ್ಯಯನ ತೋರಿಸುತ್ತದೆ. ಹುಸಿ ಇನ್‌ಹೇಲರ್ ಎಳೆದವರಿಗೂ ನಿಜವಾದದ್ದು ಎಳೆದವರಷ್ಟೇ ಆರಾಮ ಅನಿಸಿತು. ಊದಿಸಿ ಅಳೆದಾಗ ಔಷಧದಿಂದ ಶ್ವಾಸಕೋಶದ ಶಕ್ತಿ ಸುಮಾರು 20% ಏರಿತ್ತು, ಹುಸಿಯಿಂದ 7% ಮಾತ್ರ. ಆರಾಮ ಅನಿಸುವುದು ಬೇರೆ, ಶ್ವಾಸನಾಳ ತೆರೆಯುವುದು ಬೇರೆ. ಆಸ್ತಮಾ, ಶುಗರ್, ಕ್ಷಯಕ್ಕೆ "ನಂಬಿಕೆಯಿಂದ ವಾಸಿ" ಎನ್ನುವವರನ್ನು ಅಳತೆ ತೋರಿಸಿ ಎಂದು ಕೇಳಿ.

"ಎಲ್ಲಾ ಮನಸ್ಸಿಂದು ಅಂತ ಹೇಳಿ ಇರೋ ರೋಗಾನೇ ತಪ್ಪಿಸಿಬಿಟ್ರೆ?"

ತಪ್ಪುವುದುಂಟು, ಅದರಲ್ಲೂ ಮನೋರೋಗದ ಚೀಟಿ ಕೈಯಲ್ಲಿದ್ದವರಿಗೆ. ಥೈರಾಯ್ಡ್ ಕಮ್ಮಿಯಾದರೆ ಖಿನ್ನತೆಯಂತೆ, ಜಾಸ್ತಿಯಾದರೆ ಆತಂಕದಂತೆ ಕಾಣುತ್ತದೆ. ಬಿ12 ಕೊರತೆ ಜೋಮು, ಮರೆವು, ಸಿಡುಕು ತರುತ್ತದೆ. ಗೊರಕೆ ಹೊಡೆದು ರಾತ್ರಿ ಉಸಿರು ನಿಲ್ಲುವವರಿಗೆ ಹಗಲೆಲ್ಲಾ ಮಂಕು. ಸ್ಟೀರಾಯ್ಡ್ ಮಾತ್ರೆ ಮನಸ್ಸನ್ನು ಏರಿಸಿ ಇಳಿಸುತ್ತದೆ. ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ವರ್ಷಗಟ್ಟಲೆ ದುಡಿದವರ ಏದುಸಿರನ್ನು ಗಾಬರಿ ಎನ್ನುವ ಮೊದಲು ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸಬೇಕು.

ಮೈಕೈ ನೋವಿನ ವಿಷಯದಲ್ಲಿ ನಮ್ಮ ಸೀಮೆಗೆ ಇನ್ನೊಂದಿದೆ: ಕೊಳವೆಬಾವಿ ನೀರಿನ ಫ್ಲೋರೈಡ್. ಕುತ್ತಿಗೆ, ಬೆನ್ನು ಬಿಗಿದು, ಮಂಡಿ ಮಡಿಸದೆ ಬಗ್ಗಿ ಕಾಲ್ಬೆರಳು ಮುಟ್ಟಲಾಗದೆ, ಗಲ್ಲವನ್ನು ಎದೆಗೆ ತಾಗಿಸಲಾಗದೆ, ಮನೆಯ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆಗಳಿದ್ದರೆ ಅದನ್ನು ಚಿಂತೆ ಎಂದು ತಳ್ಳಬಾರದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಎನ್ನುತ್ತದೆ ಭಾರತೀಯ ಮಾನಕ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತದೆ. ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಒಯ್ಯುವಾಗ ಅದೇ ನೀರಿನಿಂದ ಎರಡು ಮೂರು ಸಲ ತೊಳೆದ ಒಂದು ಲೀಟರ್ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಗಾಜಿನದು ಬೇಡ. ಯಾವ ಬೋರಿನದು, ಯಾವ ದಿನ ತುಂಬಿದ್ದು ಎಂದು ಮೇಲೆ ಬರೆದು ಅಂಟಿಸಿ.